ಹುಮನಾಬಾದ್ ಕಾಕಾನ ಗಿಡಗ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಶುಕ್ರವಾರ ರಾತ್ರಿಯ ಜಗಳ ಇದು. ಐತವಾರ ಬೀದರ್‌ನಲ್ಲಿ ದೊಡ್ಡವ್ವನ ಮನೆಯಲ್ಲಿ ಕುಟುಂಬ ಪ್ರಾರ್ಥನೆ, ಬೈಬಲ್ ವಾಕ್ಯ ಹೇಳುವ ಪಾಳಿ ಕಾಕಾನದು. ಹೆಸರುಗಳನ್ನು ನನ್ನ ಫೋನಿನಲ್ಲಿ ಇರುವ ಹಾಗೇ ಇಟ್ಟಿದ್ದೇನೆ.

ಹುಮನಾಬಾದ್ ಕಾಕಾ: (ಹಕ್ಕಿಯ ಫೋಟೋ ಇರುವ ಪೋಸ್ಟರ್, ಫಾರ್ವರ್ಡ್) "ಗಿಡಗ 70 ವರ್ಷ ಬದುಕುತ್ತದೆ. 40ಕ್ಕೆ ಅದರ ಕೊಕ್ಕು ಬಾಗಿ, ಉಗುರು ಮೊಂಡಾಗುತ್ತದೆ. ಆಗ ಬೆಟ್ಟ ಏರಿ, ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಳ್ಳುತ್ತದೆ. 150 ದಿನ ನೋವು ತಿಂದು ಹೊಸ ಕೊಕ್ಕು, ಹೊಸ ಗರಿ ಪಡೆಯುತ್ತದೆ. ಯೆಶಾಯ 40:31. ಆಮೆನ್ ಅನ್ನದೆ ಮುಂದೆ ಹೋಗಬೇಡಿ."

ಹುಮನಾಬಾದ್ ಕಾಕಾ: ಐತವಾರ ಇದರ ಮ್ಯಾಲೇ ಹೇಳಾಂವ ಇದ್ದೀನಿ.

ಭಾಲ್ಕಿ ಅತ್ತಿ: ಆಮೆನ್ 🙏

ತಮ್ಮ: ಕಾಕಾ, ಫೋಟೋದಾಗ ಇರೋದು ಪೆರೆಗ್ರಿನ್ ಫಾಲ್ಕನ್ ಅನ್ನೋ ಗಿಡಗ. ಕಣ್ಣ ಕೆಳಗ ಕರಿ ಪಟ್ಟಿ ಅದ ನೋಡ್ರಿ. ಅದು 15 ವರ್ಷ ಬದುಕಿದ್ರ ಭಾಳ ಆತು. ಮರಿಗಳಾಗ ಅರ್ಧಕ್ಕರ್ಧ ಮೊದಲ ವರ್ಷಾನೇ ಸಾಯ್ತಾವ. 70 ಎಲ್ಲಿಂದ ಬಂತು? ನಮ್ಮ ಕಡಿ ಬಂಡೆ ಸಂದಿನಾಗ ಇರೋ ಇದರ ಜಾತಿಗೆ ಶಾಹೀನ್ ಅಂತಾರ.

ನರ್ಸ್ ಅಕ್ಕ: ಬೀದರ್‌ನಾಗ ಶಾಹೀನ್ ಅಂದ್ರ ಕಾಲೇಜೇ ತಮ್ಮಾ 😄

ಹುಮನಾಬಾದ್ ಕಾಕಾ: ಇದನ್ನ ಕಳಿಸ್ದವ್ರು ದೊಡ್ಡ ದೇವಸೇವಕರು. ಸುಳ್ಳ ಹ್ಯಾಂಗ ಇರ್ತದ?

ನರ್ಸ್ ಅಕ್ಕ: ಕಾಕಾ, ಕೊಕ್ಕು ಮುರಕೊಂಡ ಹಕ್ಕಿ 150 ದಿನ ಏನ್ ತಿಂತದ? ಬೆಟ್ಟದ ಮ್ಯಾಲೆ ಸಲಾಯಿನ್ ಹಚ್ಚಾವ್ರು ಯಾರಿದ್ರು?

ತಮ್ಮ: ಕೊಕ್ಕು ಉಗುರಿನಂಗ ಬೆಳಕೋತಾನೇ ಇರ್ತದ್ರಿ, ತಿಂದಂಗ ಸವೀತದ. ಗರಿ ವರ್ಷಾ ಒಂದೊಂದೇ ಉದುರಿ ಹೊಸಾವು ಬರ್ತಾವ. ಅದರಾಗ ಫಾಲ್ಕನ್‌ದು ಮ್ಯಾಲಿನ ಕೊಕ್ಕಿನ ಅಂಚಿಗೆ ಒಂದು ಚೂಪ ಮೊನಿ ಇರ್ತದ. ಅದರಿಂದಲೇ ಬ್ಯಾಟಿಯ ಕುತ್ತಿಗಿ ಎಲುಬು ಮುರೀತದ. ಅದನ್ನ ಒಡಕೊಂಡ್ರ ಉಪವಾಸ ಸಾಯಬೇಕು ಅಷ್ಟೇ.

ಭಾಲ್ಕಿ ಅತ್ತಿ: ನಾಕ ಅಕ್ಷರ ಕಲ್ತಿ, ನಂಬಿಕಿ ಕಳಕೊಂಡಿ. ಕೀರ್ತನೆ 103ರಾಗ ಯೌವನ ಹದ್ದಿನಂಗ ಹೊಸದಾಗ್ತದ ಅಂತ ಅದ ಇಲ್ಲೋ?

ತಮ್ಮ: ಅದ ಅತ್ತಿ. ಆದ್ರ ಅಲ್ಲಿ ಹೊಸದು ಮಾಡಾಂವ ದೇವರು. ಈ ಪೋಸ್ಟರ್‌ನಾಗ ಹಕ್ಕಿ ತಾನೇ ಬಡಕೊಂಡು ತಾನೇ ಹೊಸದಾಗ್ತದ. ಕೃಪೆ ಎಲ್ಲಿ ಹೋತು?

ಕಾಕಾನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬಂತು, ಹೋಯಿತು, ಮತ್ತೆ ಬಂತು. ಮೆಥೋಡಿಸ್ಟ್ ಸಭೆಯ ಕ್ರೈಸ್ತರ ಮನೆಯಲ್ಲಿ ಕೃಪೆಯ ಮಾತೆತ್ತಿದರೆ ಉತ್ತರ ಕೊಡದೆ ಇರುವ ಹಾಗಿಲ್ಲ.

ಹುಮನಾಬಾದ್ ಕಾಕಾ: ಆತಪ್ಪ ಪಂಡಿತ. ಹಂಗಿದ್ರ ಬೈಬಲ್‌ನಾಗ ಗಿಡಗದ ಬಗ್ಗೆ ಏನದ, ನೀನೇ ಹೇಳು.

ಭಾಲ್ಕಿ ಅತ್ತಿ: ನಾ ಹೇಳ್ತೀನಿ. ಯಾಜಕಕಾಂಡ 11. ಹದ್ದು, ಗಿಡಗ, ಕಾಗಿ, ಗೂಗಿ ಎಲ್ಲಾ ಅಶುದ್ಧ.

ನರ್ಸ್ ಅಕ್ಕ: ತಿನ್ನಬ್ಯಾಡ್ರಿ ಅಂತ ಅದ ಅತ್ತಿ, ನೋಡಬ್ಯಾಡ್ರಿ ಅಂತ ಇಲ್ಲ. ತಿಂದವ್ರೂ ನಮ್ಮ ಕ್ರೈಸ್ತರೇ. 2012ರಾಗ ನಾಗಾಲ್ಯಾಂಡಿನ ಡೊಯಾಂಗ್ ಅಣೆಕಟ್ಟಿನ ಹತ್ರ ಬಲೆ ಕಟ್ಟಿ ಸಾವಿರಗಟ್ಟಲೆ ಅಮೂರ್ ಫಾಲ್ಕನ್ ಹಿಡದು ಮಾರಿದ್ರು. ಮರುವರ್ಷ ಊರವ್ರೇ ಬಿಟ್ಟ್ರು. ಬಿಡಸೋದ್ರಾಗ ಚರ್ಚಿನವ್ರೂ ಕೈಗೂಡಿಸಿದ್ರು.

ತಮ್ಮ: ಒಂದೂವರಿ ನೂರು ಗ್ರಾಂ ಹಕ್ಕಿ ಅದು. ಸೈಬೀರಿಯಾ ಕಡಿಂದ ಬಂದು, ಅರಬ್ಬಿ ಸಮುದ್ರ ದಾಟಿ ಆಫ್ರಿಕಾಕ್ಕ ಹೋಗ್ತದ.

ನಾನು: ಕಾಕಾ, ಯೋಬ 39 ತೆಗೀರಿ. 26ನೇ ವಚನ. ಗಿಡಗ ದಕ್ಷಿಣಕ್ಕ ರೆಕ್ಕಿ ಹರವಿ ಹಾರೋದು ನಿನ್ನ ಬುದ್ಧಿಯಿಂದ ಏನು ಅಂತ ದೇವರು ಯೋಬನಿಗೆ ಕೇಳ್ತಾನ.

ತಮ್ಮ: ಬರದಾಂವ ಕಣ್ಣಾರೆ ನೋಡ್ಯಾನ ಅಕ್ಕಾ. ಚಳಿಗಿಂತ ಮೊದಲ ಲಕ್ಷಗಟ್ಟಲೆ ಬ್ಯಾಟಿ ಹಕ್ಕಿ ಇಸ್ರಾಯೇಲ್ ಮ್ಯಾಲೆ ಹಾದು ಆಫ್ರಿಕಾಕ್ಕ ಹೋಗ್ತಾವ. ಕಾಕಾ, ಫಾಲ್ಕನ್ ಕುಲದ್ದೇ ಒಂದು ನಿಮ್ಮ ಹೊಲಕ್ಕೂ ಬರ್ತದ. ಕೆಸ್ಟ್ರೆಲ್.

ಹುಮನಾಬಾದ್ ಕಾಕಾ: ಯಾವುದದು?

ತಮ್ಮ: ಇಟ್ಟಂಗಿ ಬಣ್ಣದ ಬೆನ್ನು, ಅದರ ಮ್ಯಾಲೆ ಕರಿ ಚುಕ್ಕಿ. ಕಡ್ಲಿ ಹೊಲದ ಮ್ಯಾಲೆ ಗಾಳಿಗೆ ಎದುರು ಮುಖ ಮಾಡಿ, ಬಾಲ ಬಿಚ್ಚಿ, ಒಂದೇ ಕಡಿ ರೆಕ್ಕಿ ಬಡಕೋತ ನಿಲ್ತದ. ರೆಕ್ಕಿ, ಬಾಲ ಎಷ್ಟು ಅಲ್ಲಾಡಿದ್ರೂ ತಲಿ ಮಾತ್ರ ಅಲ್ಲಾಡಂಗಿಲ್ಲ. ಕೆಳಗ ಇಲಿ ಇಲ್ಲಾ ಮಿಡತಿ ಕಂಡಿದ್ದೇ ಇಳೀತದ.

ಹುಮನಾಬಾದ್ ಕಾಕಾ: ಅದಾ! ದಸರಾ ಆದ ಮ್ಯಾಲೆ ಬರ್ತದ, ಬ್ಯಾಸಿಗಿ ಬಂತು ಅಂದ್ರ ಕಾಣಂಗಿಲ್ಲ. ಬೋರ್‌ವೆಲ್ ಹತ್ರ ಕರೆಂಟ್ ತಂತಿ ಮ್ಯಾಲೆ ಕುಂತಿರ್ತದ. ಅದು ಬೈಬಲ್‌ನಾಗ ಅದಾ?

ಭಾಲ್ಕಿ ಅತ್ತಿ: ಅದು ಬಿಡ್ರಿ. ಫೋಟೋದಾಗಿನ ಹಕ್ಕಿ ಪಾರಿವಾಳ ಹಿಡಿತದೋ ಇಲ್ಲೋ?

ತಮ್ಮ: ಹಿಡಿತದ. ಪಾರಿವಾಳ ಅಂದ್ರ ಭಾಳ ಇಷ್ಟ. ಮ್ಯಾಲಿಂದ ತಾಸಿಗೆ 300 ಕಿ.ಮೀ.ಗಿಂತ ಜೋರಾಗಿ ಎರಗ್ತದ.

ಭಾಲ್ಕಿ ಅತ್ತಿ: ಪವಿತ್ರಾತ್ಮ ಇಳದು ಬಂದದ್ದೇ ಪಾರಿವಾಳದಂಗ. ಅದನ್ನ ಕೊಲ್ಲೋ ಹಕ್ಕಿನ್ನ ಪ್ರಾರ್ಥನ್ಯಾಗ ಹೊಗಳಬೇಕೇನು?

ಅತ್ತಿಯ ಈ ಪ್ರಶ್ನೆಗೆ ಯಾರೂ ನಗಲಿಲ್ಲ. ನಗುವ ಪ್ರಶ್ನೆಯೂ ಅಲ್ಲ ಅದು.

ನಾನು: ಅತ್ತಿ, ಯೋಬ 39ರ ಕೊನಿ ವಚನ ನೋಡ್ರಿ. ಹದ್ದಿನ ಮರಿ ರಕ್ತ ಹೀರ್ತಾವ, ಹೆಣ ಬಿದ್ದಲ್ಲಿ ಅದು ಇರ್ತದ ಅಂತ ದೇವರೇ ಬಾಯಿ ಬಿಟ್ಟು ಹೇಳ್ತಾನ, ಏನೂ ಮುಚ್ಚಿಡಂಗಿಲ್ಲ. ಕೀರ್ತನೆ 104ರಾಗ ಸಿಂಹದ ಮರಿ ಗರ್ಜಿಸಿ ದೇವರ ಹತ್ರಾನೇ ಊಟ ಕೇಳ್ತಾವ. ಕೊಲ್ಲೋ ಪ್ರಾಣಿಗೂ ಉಣಸಾಂವ ಅವನೇ. ನನಗ ಪೋಸ್ಟರ್ ಸೇರದ್ದು ಸುಳ್ಳು ಅನ್ನೋದಕ್ಕಷ್ಟೇ ಅಲ್ಲ. ಅದು ಹಕ್ಕಿನ್ನ ಕರಕೊಂಡು ಬಂದು ನಮಗ ಭಾಷಣ ಮಾಡಸ್ತದ. ಯೋಬನ ಮುಂದ ಕಾಡುಕತ್ತೆ, ಉಷ್ಟ್ರಪಕ್ಷಿ, ಕುದುರಿ, ಗಿಡಗ ಎಲ್ಲಾ ಹಾದು ಹೋಗ್ತಾವ. ಒಂದರಿಂದಲೂ ಅವನಿಗೆ ಪಾಠ ಇಲ್ಲ. ಯೋಬ ಬಾಯಿ ಮ್ಯಾಲೆ ಕೈ ಇಟ್ಕೋತಾನ, ಅಷ್ಟೇ.

ಭಾಲ್ಕಿ ಅತ್ತಿ: ಪಾಠ ಇಲ್ಲಂದ್ರ ಪ್ರಾರ್ಥನ್ಯಾಗ ಏನ್ ಹೇಳ್ತಾರ?

ಹುಮನಾಬಾದ್ ಕಾಕಾ: ಅಧ್ಯಾಯ ಪೂರಾ ಓದ್ತೀನಿ ತಂಗೀ. ತಂತಿ ಮ್ಯಾಲಿನ ಹಕ್ಕಿದು ಹೇಳ್ತೀನಿ. ಸಣ್ಣ ಹುಡುಗ್ರು ಇರ್ತಾವ, ಆ ರಕ್ತದ ವಚನ ಬಿಡ್ಲೇನು?

ದೊಡ್ಡವ್ವ: ಬಿಡಬ್ಯಾಡ. ಅವು ಎದ್ದು ಕುಂತು ಕೇಳೋದು ಅದೊಂದೇ.