ಅಪ್ಪನಿಗೆ ಲಕ್ವ ಹೊಡೆದಿದೆ, ಕೊಲೆಸ್ಟ್ರಾಲ್ ಮಾತ್ರೆ ಬಿಡಿಸಿ ವಿಟಮಿನ್ ಇ ಕೊಡಬಹುದಾ?

ಕೇಳಿದವರು, ಮೂಡಿಗೆರೆ:
ಅಪ್ಪನಿಗೆ 64 ವರ್ಷ. ಎರಡು ತಿಂಗಳ ಹಿಂದೆ ಮೆದುಳಿನ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆಯಿತು. ಎಡಗೈ ಇನ್ನೂ ಸರಿಯಾಗಿ ಏಳುವುದಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 118 ಇತ್ತು. ಲ್ಯಾಬ್ ಚೀಟಿಯಲ್ಲಿ 'ನಾರ್ಮಲ್' ಅಂತಲೇ ಇದೆ. ಆದರೂ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಮಾತ್ರೆ ಬರೆದಿದ್ದಾರೆ. ಅದನ್ನು ಬಿಡಿಸಿ, ಇದೆಲ್ಲ ಆಕ್ಸಿಡೇಟಿವ್ ಸ್ಟ್ರೆಸ್ (ಆಮ್ಲಜನಕದಿಂದ ಹುಟ್ಟುವ ಕಣಗಳು ಜೀವಕೋಶ ಹಾಳುಮಾಡುವುದು), ಅದನ್ನು ತಡೆಯಲು ವಿಟಮಿನ್ ಇ ಕೊಡಿ ಎಂದು ನೆಂಟರೊಬ್ಬರು ಹಟ ಹಿಡಿದಿದ್ದಾರೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ?

ಸಕಲೇಶಪುರದಿಂದ:
ನಾವು ಇದೇ ತಪ್ಪು ಮಾಡಿದೆವು. ಅಮ್ಮನ ಚೀಟಿಯಲ್ಲೂ 'ನಾರ್ಮಲ್' ಇತ್ತು, ಸುಮ್ನೆ ಯಾಕೆ ಮಾತ್ರೆ ಎಂದು ನಿಲ್ಲಿಸಿದೆವು. ನಾಲ್ಕು ತಿಂಗಳಲ್ಲಿ ಎಲ್‌ಡಿಎಲ್ 140 ದಾಟಿತ್ತು. ಡಾಕ್ಟರ್ ಚೆನ್ನಾಗಿ ಬೈದರು. ಚೀಟಿಯ ಮೇಲಿನ ನಾರ್ಮಲ್ ಆರೋಗ್ಯವಾಗಿರುವವರಿಗೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಸ್ಟ್ರೋಕ್ ಆದವರಿಗೆ 70ರ ಒಳಗೆ ಇಡಬೇಕಂತೆ. ಇನ್ನೊಂದು, ಸ್ಟ್ರೋಕ್ ಆದ ಹೊಸತರಲ್ಲಿ ತೆಗೆದ ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಕಾಣಬಹುದು. ಮಾತ್ರೆ ಶುರುವಾದ 4ರಿಂದ 12 ವಾರದೊಳಗೆ ಮತ್ತೆ ಟೆಸ್ಟ್ ಮಾಡಿಸುತ್ತಾರೆ. ನಿಮಗೆ ಈಗ ಅದೇ ಸಮಯ, ಅಲ್ವಾ?

ಹಾಸನದಿಂದ, ನರ್ಸ್:
ನಿಮ್ಮ ನೆಂಟರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ದೇಹದ ತೂಕದಲ್ಲಿ ಮೆದುಳು ನೂರಕ್ಕೆ 2 ಭಾಗ, ಆಮ್ಲಜನಕ ಎಳೆದುಕೊಳ್ಳುವುದು ಸುಮಾರು 20 ಭಾಗ. ರಕ್ತ ನಿಂತು ಮತ್ತೆ ಹರಿದಾಗ ಆ ಹಾನಿ ಮಾಡುವ ಕಣಗಳು, ಅಂದರೆ ಫ್ರೀ ರ‍್ಯಾಡಿಕಲ್‌ಗಳು ಜಾಸ್ತಿಯಾಗಿ ಜೀವಕೋಶ ಹಾಳಾಗುತ್ತದೆ. ಹಳೇ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುತ್ತದಲ್ಲ, ರಕ್ತನಾಳದ ಗೋಡೆಯೊಳಗೆ ಸೇರಿದ ಎಲ್‌ಡಿಎಲ್‌ಗೂ ಸುಮಾರು ಹಾಗೇ ಆಗುತ್ತದೆ. ಅದನ್ನು ನುಂಗಿದ ಬಿಳಿ ರಕ್ತಕಣಗಳು ಅಲ್ಲೇ ಉಳಿದು ಗಂಟು ಕಟ್ಟುತ್ತವೆ. ಹಾಗಂತ ವಿಟಮಿನ್ ಇ ನುಂಗಿದರೆ ಅದು ನಿಲ್ಲುವುದಿಲ್ಲ. ದೊಡ್ಡ ದೊಡ್ಡ ಪರೀಕ್ಷೆಗಳಲ್ಲಿ ಅದು ಸ್ಟ್ರೋಕ್ ತಪ್ಪಿಸಲಿಲ್ಲ, ರಕ್ತಸ್ರಾವದ ಸ್ಟ್ರೋಕ್ ಸ್ವಲ್ಪ ಹೆಚ್ಚೇ ಕಂಡಿತು. ಅಪ್ಪ ಆಸ್ಪಿರಿನ್ ಕೂಡ ತಗೋತಿದ್ದರೆ ಕೇಳದೆ ಕೊಡಲೇಬೇಡಿ. ಕಮಟಾಗುವ ಕೊಬ್ಬನ್ನೇ ಇಳಿಸುವುದು ಆ ಅಟೋರ್ವಾಸ್ಟಾಟಿನ್.

ಚಿಕ್ಕಮಗಳೂರಿನಿಂದ:
ಕಾಫಿ ಹೇಗೆ ಮಾಡುತ್ತೀರಿ? ನಮ್ಮ ತೋಟದ ಮನೆಯಲ್ಲಿ ಪುಡಿ ಹಾಕಿ ಕುದಿಸಿ ಸೋಸುತ್ತಿದ್ದರು. ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ, ಕುದಿಸಿದರೆ ಅದು ಲೋಟಕ್ಕೆ ಜಾಸ್ತಿ ಬರುತ್ತದೆ. ಪೇಪರ್ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ಹಾಗೆ ಸೋಸಿ ಕೊಟ್ಟಾಗ ಮಾವ 'ಇದೇನು ಕಲಗಚ್ಚು' ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರು. ಈಗ ಕುಡಿಯುತ್ತಾರೆ. ಹಂದಿ ಕರಿ ಮಾತ್ರ ಹಬ್ಬಕ್ಕೂ ಬಿಡಿಸಲಾಗಲಿಲ್ಲ!

ಬೇಲೂರಿನಿಂದ:
ಮಾತ್ರೆಯಿಂದ ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ನಮ್ಮಣ್ಣನಿಗೆ ಡೋಸ್ ಇಳಿಸಿದರು, ಸರಿಹೋಯಿತು.

ಕೇಳಿದವರು:
ಮಾತ್ರೆ ನಿಲ್ಲಿಸಿಲ್ಲ, ಸದ್ಯ. ಸೋಮವಾರ ಮತ್ತೆ ರಕ್ತ ಕೊಡಿಸುತ್ತೇವೆ. ನೆಂಟರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.