ಪಾಠವೇ ಮೊಬೈಲಿನಲ್ಲಿರುವಾಗ ಸಿಎ ಫೈನಲ್‌ಗೆ ಏಕಾಗ್ರತೆಯಿಂದ ಓದುವುದು ಹೇಗೆ?

ಪ್ರಶ್ನೆ: ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿನ ಪ್ರಾಯೋಗಿಕ ತರಬೇತಿ) ಮುಗಿಸಿದ ವಿದ್ಯಾರ್ಥಿನಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ಕೊನೆಯ ಹಂತವಾದ ಫೈನಲ್ ಪರೀಕ್ಷೆಯ ಮೊದಲ ಗ್ರೂಪಿಗೆ, ಅಂದರೆ ಪತ್ರಿಕೆಗಳ ಮೊದಲ ಗುಂಪಿಗೆ, ಓದುತ್ತಿದ್ದೇನೆ. ಮೊಬೈಲ್ ಬಿಟ್ಟುಬಿಡು ಎಂದು ಹೇಳುವವರು ಬಹಳ ಜನ ಇದ್ದಾರೆ. ಆದರೆ ಎಫ್‌ಆರ್ (ಫೈನಾನ್ಶಿಯಲ್ ರಿಪೋರ್ಟಿಂಗ್) ವಿಡಿಯೊ ಪಾಠ, ಕಾನೂನು ಮತ್ತು ನಿಯಮಗಳ ತಿದ್ದುಪಡಿಗಳ ಟಿಪ್ಪಣಿ ಬರುವ ಟೆಲಿಗ್ರಾಂ ಗುಂಪು, ಸಂದೇಹ ಕೇಳುವ ವಾಟ್ಸಾಪ್ ಗುಂಪು ಎಲ್ಲವೂ ಅದರಲ್ಲೇ ಇವೆ. ಕನ್ಸಾಲಿಡೇಶನ್ ಲೆಕ್ಕ (ಒಂದೇ ಸಮೂಹದ ಕಂಪನಿಗಳ ಲೆಕ್ಕಪತ್ರಗಳನ್ನು ಒಗ್ಗೂಡಿಸುವುದು) ಮಾಡುವಾಗ ಗುಡ್‌ವಿಲ್ ಹಂತದಲ್ಲಿ ಒಂದು ಸಂದೇಹ ಬಂತೆಂದು ಫೋನ್ ಎತ್ತಿಕೊಂಡರೆ, ಉಳಿದ ಸಂದೇಶಗಳನ್ನೆಲ್ಲ ನೋಡಿ ಮರಳುವಷ್ಟರಲ್ಲಿ ನಾನ್-ಕಂಟ್ರೋಲಿಂಗ್ ಇಂಟರೆಸ್ಟನ್ನು (ಅಧೀನ ಕಂಪನಿಯಲ್ಲಿ ಹೊರಗಿನ ಷೇರುದಾರರ ಪಾಲು) ಫೇರ್ ವ್ಯಾಲ್ಯೂ ಮೇಲೆ ಹಿಡಿದಿದ್ದೆನೋ, ಪಾಲಿನ ಪ್ರಮಾಣದಲ್ಲಿ ಹಿಡಿದಿದ್ದೆನೋ ಎಂಬುದೇ ತಲೆಯಿಂದ ಹೋಗಿರುತ್ತದೆ. ಊರಿನಿಂದ ಅಮ್ಮ ಫೋನ್ ಮಾಡುವುದರಿಂದ ಸ್ವಿಚ್ ಆಫ್ ಮಾಡುವಂತೆಯೂ ಇಲ್ಲ. ಈ ಹಾದಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ವೃತ್ತಿನಿರತ ಸಿಎ, ಮಂಗಳೂರು

ನೀವು ಹೇಳಿದ ಗುಡ್‌ವಿಲ್ ಲೆಕ್ಕದಲ್ಲೇ ಸಮಸ್ಯೆಯ ಬೇರು ಇದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಹೀಗಾಗಿ ಗುಂಪಿನ ಸಂದೇಶಗಳನ್ನು ನೋಡಿ ಪುಸ್ತಕಕ್ಕೆ ಮರಳಿದ ಮೇಲೂ ಮನಸ್ಸು ಸ್ವಲ್ಪ ಹೊತ್ತು ಅವುಗಳಲ್ಲೇ ಸುಳಿದಾಡುತ್ತದೆ.

ಆದ್ದರಿಂದ ಸಂದೇಹ ಬಂದ ಕೂಡಲೇ ಕೇಳುವ ಅಭ್ಯಾಸವನ್ನು ಮೊದಲು ಬಿಡಿ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ಅದರಲ್ಲಿ ಬರೆದಿಡಿ, ಒಂದು ಊಹೆಯನ್ನು ಇಟ್ಟುಕೊಂಡು ಲೆಕ್ಕವನ್ನು ಕೊನೆಯವರೆಗೆ ಮಾಡಿ, ಎಲ್ಲ ಸಂದೇಹಗಳನ್ನೂ ಸಂಜೆ ಒಟ್ಟಿಗೆ ಕೇಳಿ. ಅವುಗಳಲ್ಲಿ ಅರ್ಧದಷ್ಟಕ್ಕೆ ಸಂಜೆಯೊಳಗೆ ನಿಮಗೇ ಉತ್ತರ ಹೊಳೆದಿರುತ್ತದೆ. ವಿಡಿಯೊಗಳನ್ನು ಸಾಧ್ಯವಾದರೆ ಲ್ಯಾಪ್‌ಟಾಪಿಗೆ ವರ್ಗಾಯಿಸಿಕೊಳ್ಳಿ. ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆಯ ಸ್ಟಡಿ ಮೆಟೀರಿಯಲ್ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತದಾದರೂ ಅದನ್ನು ಪರದೆಯ ಮೇಲೆ ಓದಬೇಡಿ, ಮುದ್ರಿತ ಪ್ರತಿಯನ್ನೇ ಇಟ್ಟುಕೊಳ್ಳಿ.

ಉತ್ತರ 2: ಇತ್ತೀಚೆಗೆ ತೇರ್ಗಡೆಯಾದವರು, ಮೈಸೂರು

ಮೇಲಿನವರ ಮಾತು ಸರಿ. ಆದರೆ ಫೋನ್ ಅದೇ ಮೇಜಿನ ಮೇಲಿದ್ದರೆ ಇವೆಲ್ಲ ಹೆಚ್ಚು ದಿನ ನಡೆಯುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಆ್ಯಪ್‌ಗಳಿಗೆ ಬೀಗ ಹಾಕುವ ಸೌಲಭ್ಯಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಬೀಗ ಹಾಕಿದವರ ಕೈಯಲ್ಲೇ ಕೀಲಿಯೂ ಇರುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟವರು, ಸದ್ದಡಗಿಸಿ ಮೇಜಿನ ಮೇಲೆ ಇಟ್ಟವರಿಗಿಂತ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದ್ದರು. ನಂತರ ನಡೆದ ಎಲ್ಲ ಪ್ರಯೋಗಗಳಲ್ಲೂ ಅಷ್ಟೇ ಸ್ಪಷ್ಟವಾದ ವ್ಯತ್ಯಾಸ ಕಂಡಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಬೇರೆ ಕೋಣೆಯಲ್ಲಿ ಇಡುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಅಮ್ಮನ ಕರೆಗೆ ಒಂದು ಸಾಮಾನ್ಯ ಕೀಪ್ಯಾಡ್ ಫೋನ್ ಸಾಕು. ಓದಲು ಕೂರುವ ಮೊದಲು ಸ್ಮಾರ್ಟ್‌ಫೋನಿನಲ್ಲಿ ಕಾಲ್ ಫಾರ್ವರ್ಡ್ ಮಾಡಿ ಆ ನಂಬರನ್ನು ಕೊಟ್ಟರೆ, ಅವರು ಹಳೆಯ ನಂಬರಿಗೇ ಕರೆ ಮಾಡಿದರೂ ನಿಮಗೆ ತಲುಪುತ್ತದೆ.

ಉತ್ತರ 3: ಸಿಎ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು, ಬೆಂಗಳೂರು

ಪರೀಕ್ಷೆ ನಿಮ್ಮಿಂದ ಏನನ್ನು ಬಯಸುತ್ತದೆ ಎಂಬ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಮಧ್ಯಾಹ್ನ 2ರಿಂದ 5ರವರೆಗೆ ಪತ್ರಿಕೆ, ಅದಕ್ಕೂ ಮೊದಲು ಪ್ರಶ್ನೆಗಳನ್ನು ಓದಲು 15 ನಿಮಿಷ. 30 ಅಂಕಗಳಿಗೆ ಬಹು ಆಯ್ಕೆಯ ಪ್ರಶ್ನೆಗಳಿದ್ದರೆ, ಉಳಿದ 70 ಅಂಕಗಳನ್ನು ಪೆನ್ನು ಹಿಡಿದು ಬರೆದೇ ಗಳಿಸಬೇಕು. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಬಂದರೆ ಸಾಲದು, ಗ್ರೂಪಿನ ಒಟ್ಟು ಅಂಕ ಶೇ. 50 ಮುಟ್ಟಬೇಕು. ಹತ್ತು ನಿಮಿಷಕ್ಕೊಮ್ಮೆ ಕೈ ಫೋನಿನತ್ತ ಹೋಗುವ ಅಭ್ಯಾಸ ಉಳಿದರೆ, ವಿಷಯ ಗೊತ್ತಿದ್ದವರಿಗೂ ಮೂರನೆಯ ಗಂಟೆಯಲ್ಲಿ ಬರವಣಿಗೆ ಸಡಿಲವಾಗುವ ಅಪಾಯವಿದೆ.

ಆದ್ದರಿಂದ ಮಾಕ್ ಟೆಸ್ಟ್ ಪೇಪರುಗಳನ್ನು ಅದೇ ಹೊತ್ತಿನಲ್ಲಿ, 1.45ಕ್ಕೆ ಪ್ರಶ್ನೆಪತ್ರಿಕೆ ಬಿಡಿಸಿ, 5 ಗಂಟೆಯವರೆಗೆ ಕುರ್ಚಿಯಿಂದ ಏಳದೆ ಬರೆಯಿರಿ. ಮೊದಲಿಗೆ ಅಷ್ಟು ಹೊತ್ತು ಕೂರುವುದೇ ಕಷ್ಟವೆನಿಸಿದರೆ ಒಂದು ಗಂಟೆಯಿಂದ ಆರಂಭಿಸಿ, ವಾರದಿಂದ ವಾರಕ್ಕೆ ಹೆಚ್ಚಿಸುತ್ತ ಹೋಗಿ. ಕೈ ಫೋನಿನತ್ತ ಹೋಗುವುದನ್ನು ಸೋಮಾರಿತನವೆಂದು ತಿಳಿದು ದಯವಿಟ್ಟು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಎಷ್ಟೋ ವಿದ್ಯಾರ್ಥಿಗಳು ಫೋನ್ ಎತ್ತಿಕೊಳ್ಳುವುದು ಕಠಿಣವಾದ ಪುಟ ಎದುರಾದಾಗಲೇ. ಆ ಪುಟದಲ್ಲಿ ಭಯವಿದೆ, ಫೋನಿನಲ್ಲಿ ಅದರಿಂದ ಕ್ಷಣಕಾಲದ ಬಿಡುಗಡೆಯಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೀಪ್ಯಾಡ್ ಫೋನಿನ ಸಲಹೆಯನ್ನು ಇಂದೇ ಜಾರಿಗೆ ತರುತ್ತೇನೆ. ಒಂದೇ ಅಳುಕು ಉಳಿದಿದೆ: ಟೆಲಿಗ್ರಾಂ ಗುಂಪು ಬಿಟ್ಟರೆ ಯಾವುದಾದರೂ ತಿದ್ದುಪಡಿ ಕೈತಪ್ಪಿ ಹೋಗುವುದಿಲ್ಲವೇ?

ಉತ್ತರ 1 ಬರೆದವರು

ಹೋಗುವುದಿಲ್ಲ. ಯಾವ ಪರೀಕ್ಷೆಗೆ ಯಾವ ದಿನಾಂಕದವರೆಗಿನ ತಿದ್ದುಪಡಿಗಳು ಅನ್ವಯವಾಗುತ್ತವೆ ಎಂಬುದನ್ನು ಸಂಸ್ಥೆಯೇ ಪ್ರಕಟಿಸುತ್ತದೆ ಮತ್ತು ಆ ದಿನಾಂಕ ಪರೀಕ್ಷೆಗಿಂತ ತಿಂಗಳುಗಳಷ್ಟು ಹಿಂದಿನದು. ಬೇಕಾದ ಬದಲಾವಣೆಗಳು ಸಂಸ್ಥೆ ಹೊರತರುವ ಆರ್‌ಟಿಪಿಯಲ್ಲೂ (ರಿವಿಷನ್ ಟೆಸ್ಟ್ ಪೇಪರ್) ಪ್ರತ್ಯೇಕ ಅಪ್‌ಡೇಟ್‌ಗಳಲ್ಲೂ ಸಿಗುತ್ತವೆ. ನಿಮ್ಮ ಅಟೆಂಪ್ಟಿನ ಆರ್‌ಟಿಪಿ ಬಂದ ದಿನ ಅದನ್ನು ಮುದ್ರಿಸಿಕೊಂಡು, ಸ್ಟಡಿ ಮೆಟೀರಿಯಲ್‌ನ ಆಯಾ ಪುಟದಲ್ಲೇ ಗುರುತು ಹಾಕಿಕೊಳ್ಳಿ.