ಅಪ್‌ಡೇಟ್: ಜನವರಿಯಲ್ಲಿ ಡೆನ್ವರ್‌ನಿಂದ ಸ್ಯಾನ್ ಡಿಯಾಗೋಗೆ ಸೆಸ್ನಾದಲ್ಲಿ ಹೋಗಿ ಬಂದೆ

ಚಳಿಗಾಲದಲ್ಲಿ ಸೆಸ್ನಾ 172 (ಒಂದೇ ಎಂಜಿನ್‌ನ ಪುಟ್ಟ ವಿಮಾನ) ತೆಗೆದುಕೊಂಡು ರಾಕಿ ಪರ್ವತಗಳನ್ನು ನೇರವಾಗಿ ದಾಟಬಹುದಾ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಬೇಡ, ದಕ್ಷಿಣಕ್ಕೆ ಸುತ್ತಿ ಹೋಗಿ ಎಂದಿರಿ. ಹಾಗೇ ಮಾಡಿದೆ. ಎಲ್ಲರಿಗೂ ಥ್ಯಾಂಕ್ಸ್.

ಇಂಟರ್‌ಸ್ಟೇಟ್ 25 ಹೆದ್ದಾರಿಯನ್ನೇ ಹಿಡಿದು ಪುಯೆಬ್ಲೋ, ಆಲ್ಬುಕರ್ಕಿ ದಾಟಿದೆ. ಆಮೇಲೆ ಇಂಟರ್‌ಸ್ಟೇಟ್ 10, ಕೊನೆಗೆ ಇಂಟರ್‌ಸ್ಟೇಟ್ 8. ದಾರಿ ಜಾಸ್ತಿಯಾಯಿತು ನಿಜ. ಆದರೆ ಏನಾದರೂ ಆದರೆ ಇಳಿಯಲು ಕೆಳಗೆ ಜಾಗ ಇತ್ತು, ಹತ್ತಿರದಲ್ಲೇ ಜನ ಇದ್ದರು.

ಕಷ್ಟ ಅನ್ನಿಸಿದ್ದು ಪುಯೆಬ್ಲೋ ಆದಮೇಲೆ ಬರುವ ರಾಟೋನ್ ಪಾಸ್ (ಬೆಟ್ಟ ದಾಟುವ ಕಣಿವೆ ದಾರಿ) ಹತ್ತಿರ. ಪಾಸ್ ಇರುವುದೇ ಸುಮಾರು 7,800 ಅಡಿ ಎತ್ತರದಲ್ಲಿ. ಪಶ್ಚಿಮದ ಗಾಳಿ ಬೆಟ್ಟ ಹತ್ತಿ ಈ ಕಡೆ ಧುಮುಕುವಾಗ ಪುಟ್ಟ ವಿಮಾನವನ್ನೂ ಜೊತೆಗೆ ಕೆಳಕ್ಕೆ ಎಳೆಯುತ್ತದೆ. ಮೊದಲ ದಿನ ಗಾಳಿ ಜೋರಿತ್ತು, ಪುಯೆಬ್ಲೋದಲ್ಲೇ ಇಳಿದೆ. ಮರುದಿನ ಮೋಡ. ಚಳಿಯಲ್ಲಿ ಮೋಡದೊಳಗೆ ಹೋದರೆ ರೆಕ್ಕೆಗೆ ಮಂಜುಗಡ್ಡೆ ಕಟ್ಟಬಹುದು. ನಮ್ಮ ವಿಮಾನದಲ್ಲಿ ಅದನ್ನು ತೆಗೆಯುವ ವ್ಯವಸ್ಥೆಯೇ ಇಲ್ಲ, ಹಾಗಾಗಿ ಮೋಡದೊಳಗೆ ಹೋಗುವ ಮಾತೇ ಇಲ್ಲ. ಎರಡು ರಾತ್ರಿ ಅಲ್ಲೇ ಉಳಿದೆ. ಮನೆಯವರಿಗೆ ಮೊದಲೇ 'ಬರುವ ದಿನ ಕೇಳಬೇಡಿ' ಎಂದು ಹೇಳಿದ್ದು ಎಷ್ಟು ಒಳ್ಳೆಯದಾಯಿತು!

ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ತಗೊಳ್ಳಿ ಎಂದವರಿಗೆ ವಿಶೇಷ ಧನ್ಯವಾದ. ಹೀಟರ್‌ನ ಬಿಸಿ ಬರುವುದು ಎಗ್ಸಾಸ್ಟ್ (ಎಂಜಿನ್ ಹೊಗೆ ಹೋಗುವ ಕೊಳವೆ) ಸುತ್ತಲಿನ ಗಾಳಿಯಿಂದ ಅಲ್ವಾ, ಅಲ್ಲಿ ಬಿರುಕು ಬಿಟ್ಟರೆ ವಿಷದ ಗಾಳಿ ಒಳಗೇ ಬರುತ್ತದೆ. ವಾಸನೆಯೂ ಇರುವುದಿಲ್ಲ. ಡಿಟೆಕ್ಟರ್ ಒಮ್ಮೆಯೂ ಕೂಗಲಿಲ್ಲ, ಆದರೂ ಅದಿಲ್ಲದೆ ಇನ್ನು ಚಳಿಯಲ್ಲಿ ಹಾರುವುದಿಲ್ಲ.

ಜಾಕೆಟ್, ನೀರು ಹಿಂದಿನ ಸೀಟಿನಲ್ಲೇ ಇಟ್ಟಿದ್ದೆ. ಅರಿಜೋನಾದ ಮರುಭೂಮಿಯ ಯೂಮಾ ತಲುಪುವಷ್ಟರಲ್ಲಿ ಜಾಕೆಟ್ ಬೇಕಾಗಿರಲಿಲ್ಲ.